ಹಿಂದಿನ ಆಸನದ ಮಾರ್ಗದರ್ಶಿ

ಹಂಪೆ, ಬೇಲೂರು, ಕಾಶಿ, ಬದರಿಗಳ ಯಾತ್ರೆಯನ್ನು ಕುರಿತು ಬರೆದವರು ನಮ್ಮಲ್ಲಿ ಬಹುಮಂದಿ ಉಂಟು. ಆದರೆ ಕೋನಪ್ಪನ ಅಗ್ರಹಾರದಿಂದ ವೈಟ್‌ಫೀಲ್ಡಿಗೂ ಅಲ್ಲಿಂದ ಪೀಣ್ಯದ ಎರಡನೆಯ ಹಂತಕ್ಕೂ ಹೋದದ್ದನ್ನು ಪ್ರವಾಸವೆಂದು ಕರೆದು ಅದರ ಕಥನಕ್ಕೆ ತೊಡಗಿದವರನ್ನು ನಾನು ಕಾಣೆ. ನೋಡತಕ್ಕದ್ದು ಅಲ್ಲಿ ಏನಿದೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ನನ್ನ ಜೊತೆಗಿದ್ದ ಗೆಳೆಯರಿಗೆ ನೋಡುವ ಪ್ರಶ್ನೆಯೇ ಇರಲಿಲ್ಲ, ಅವರು ಹುಟ್ಟಿನಿಂದ ಕಣ್ಣು ಕಾಣದವರು, ಹಾಗಿದ್ದೂ ಆ ಶನಿವಾರ ಉದ್ದಕ್ಕೂ ದಾರಿ ಹೇಳಿದವರು ಅವರೇ ಹೊರತು, ಎರಡು ಕಣ್ಣೂ ಕನ್ನಡಕವೂ ಇದ್ದ ನಾನಲ್ಲ, ಸ್ಟಿಯರಿಂಗ್ ಹಿಡಿದ ಚಾಲಕನೂ ಅಲ್ಲ.

ಗೆಳೆಯರು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಉದ್ಯೋಗಸ್ಥರು. ಹೊಸದಾಗಿ ತಯಾರಾದ ಆ್ಯಪುಗಳನ್ನು ಕಣ್ಣಿಲ್ಲದವರು ಬಳಸಬಹುದೇ ಇಲ್ಲವೇ ಎಂದು ಪರೀಕ್ಷಿಸುವುದು ಅವರ ಕೆಲಸ. ಅಂದು ಮಧ್ಯಾಹ್ನ ವೈಟ್‌ಫೀಲ್ಡಿನಲ್ಲಿರುವ ಅಕ್ಕನ ಮನೆಯಲ್ಲಿ ಊಟ. ಸಂಜೆ ಪೀಣ್ಯದಲ್ಲಿ ತಮ್ಮನ ವರ್ಕ್‌ಶಾಪಿಗೆ ಬಂದಿದ್ದ ಹೊಸ ಲೇತ್ ಯಂತ್ರದ ಪೂಜೆ. “ಮೇಷ್ಟ್ರೇ, ಸುಮ್ನೆ ಬನ್ನಿ, ನಾನು ಹೆಂಗೆ ಹೋಗ್ತೀನಿ ಅಂತ ನೀವೂ ನೋಡಿದ ಹಾಗಾಗುತ್ತೆ” ಎಂದು ಕರೆದಿದ್ದರು. ಕುತೂಹಲಕ್ಕಿಂತ ಪ್ರಬಲವಾದ ಆಮಂತ್ರಣ ನನ್ನ ವಯಸ್ಸಿನವನಿಗೆ ಬೇರೆ ಬೇಕಿಲ್ಲ.

ಅವರ ಕೈಯಲ್ಲಿದ್ದದ್ದು ಎಲ್ಲರ ಕೈಯಲ್ಲಿಯೂ ಇರುವಂಥ ಫೋನೇ. ಗಾಜಿನ ಮೇಲೆ ಬೆರಳು ಆಡಿದ ಕಡೆಯಲ್ಲೆಲ್ಲ ಅಲ್ಲಿರುವುದನ್ನು ಅದು ಓದಿ ಹೇಳುತ್ತದೆ. ಎರಡು ಸಲ ತಟ್ಟಿದರೆ ಒತ್ತಿದಂತೆ. ಆ ವಾಚನದ ವೇಗವಾದರೋ, ಮಂತ್ರಪುಷ್ಪವನ್ನು ಅವಸರದಲ್ಲಿ ಮುಗಿಸುವ ಪುರೋಹಿತರನ್ನೂ ಹಿಂದೆ ಹಾಕುವಂಥದು; ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆ್ಯಂಡ್ರಾಯ್ಡ್ ಫೋನುಗಳಿಗೆ ಇಂಥ ವಾಚಕವನ್ನು ಒದಗಿಸಿದ ಪ್ರಯತ್ನದ ಮುಂಚೂಣಿಯಲ್ಲಿದ್ದವರಲ್ಲಿ ಪುಣೆಯಲ್ಲಿ ಬೆಳೆದು, 14ನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡು, ಅನಂತರ ಗೂಗಲ್ ಸೇರಿದ ಟಿ.ವಿ. ರಾಮನ್ ಒಬ್ಬರು. ದಾರಿ ಹೇಳುವ ಗೂಗಲ್ ನಕಾಶೆಯ ಧ್ವನಿಗೆ ಕನ್ನಡ ಬಂದದ್ದು 2018ರಲ್ಲಿ. ಗೆಳೆಯರು ಆದರೂ ಇಂಗ್ಲಿಷನ್ನೇ ಇಟ್ಟುಕೊಂಡಿದ್ದರು. ಕಾರಣ ಕೇಳಿದರೆ, “ಡ್ರೈವರಿಗೆ ನಾನು ಕನ್ನಡದಲ್ಲಿ ಹೇಳ್ತೀನಿ. ಅದೂ ಕನ್ನಡ ಮಾತಾಡಿದ್ರೆ ಇಬ್ಬರ ಮಾತೂ ಕಲಸಿಹೋಗುತ್ತೆ” ಎಂದರು.

ಕಾರು ಬರುವ ಮೊದಲೇ ಚಾಲಕನ ಕರೆ ಬಂತು.

“ಸಾರ್, ಲೊಕೇಶನ್‌ಗೆ ಬಂದಿದೀನಿ, ಎಲ್ಲಿದೀರ?”

“ಗೇಟ್ ಪಕ್ಕಾನೇ ನಿಂತಿದೀನಿ ಅಣ್ಣ, ಕೈಯಲ್ಲಿ ಬಿಳಿ ಕೋಲಿದೆ. ನಂಗೆ ಕಣ್ಣು ಕಾಣಲ್ಲ, ಒಂದ್ಸಲ ಹಾರ್ನ್ ಹೊಡೀರಿ, ನಾನೇ ಬರ್ತೀನಿ.”

ಹಾರ್ನು ಕೇಳಿತು, ಗೆಳೆಯರು ಕೋಲಿನಿಂದ ಕಾಲುದಾರಿಯ ಅಂಚನ್ನು ತಡವುತ್ತ, ಬಾಗಿಲ ಹಿಡಿಯನ್ನು ಸರಿಯಾಗಿ ಹಿಡಿದು, ಹಿಂದಿನ ಆಸನದ ಎಡಮೂಲೆಯಲ್ಲಿ ಕುಳಿತು, ಕಿಟಕಿಯ ಗಾಜನ್ನು ಅರ್ಧ ಇಳಿಸಿದರು. ಎಡಗಿವಿಗೆ ಒಂದೇ ಇಯರ್‌ಫೋನು. ಬಲಗಿವಿ ಚಾಲಕನಿಗಾಗಿ ಖಾಲಿ. ಚಾಲಕನ ಫೋನು ಡ್ಯಾಶ್‌ಬೋರ್ಡಿನ ಮೇಲೆ ತೂಗಾಡುತ್ತಿತ್ತಾದರೂ ಅದರ ಬಾಯಿ ಕಟ್ಟಲಾಗಿತ್ತು. “ಅದು ಮಾತಾಡಿದ್ರೆ ತಲೆ ಕೆಡುತ್ತೆ ಸಾರ್. ನೀವೇ ಹೇಳ್ತಾ ಬನ್ನಿ” ಎಂದ ಆತ, ಕನ್ನಡಿಯಲ್ಲಿ ಇನ್ನೊಮ್ಮೆ ಬಿಳಿಯ ಕೋಲನ್ನು ನೋಡಿ, ಹೇಳಬಾರದ್ದನ್ನು ಹೇಳಿದವನಂತೆ ಸುಮ್ಮನಾದ. ಗೆಳೆಯರು ನಕ್ಕು, “ಹೇಳ್ತೀನಿ, ನಡೀರಿ” ಎಂದರು.

ಕಿಯೋನಿಕ್ಸ್ ಸಂಸ್ಥೆಯ ಮೊದಲ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರು 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ದೊಡ್ಡತೋಗೂರುಗಳ 332 ಎಕರೆಯಲ್ಲಿ ಕನಸು ಕಂಡ ಈ ನಗರದ ಒಳರಸ್ತೆಗಳು ನೇರವಾಗಿವೆ, ಮರಗಳ ನೆರಳಿದೆ, ಅಲ್ಲಲ್ಲಿ ರಸ್ತೆ ಕೂಡುವ ಕಡೆ ಹುಲ್ಲು ಬೆಳೆಸಿದ ವೃತ್ತಗಳಿವೆ. ನಮ್ಮ ಕಷ್ಟ ಆರಂಭವಾದದ್ದು ಅಂಥ ಒಂದು ವೃತ್ತದಲ್ಲಿಯೇ. ಯಂತ್ರ ಗೆಳೆಯರ ಕಿವಿಯಲ್ಲಿ ಉಚ್ಚರಿಸಿದ ವಾಕ್ಯವನ್ನು ಅವರು ನನಗೂ ಕೇಳುವಂತೆ ಮರುನುಡಿದರು: ವೃತ್ತದಲ್ಲಿ ಮೂರನೆಯ ದಾರಿಯಾಗಿ ಹೊರಬೀಳತಕ್ಕದ್ದು. ಚಾಲಕ ವೇಗ ತಗ್ಗಿಸಿ ಕೇಳಿದ: “ಮೂರನೇದು ಅಂದ್ರೆ ಯಾವ್ದು ಸಾರ್? ಇಲ್ಲಿ ಲೆಫ್ಟಲ್ಲಿ ಒಂದು ಕಂಪನಿ ಗೇಟೈತೆ, ಅದನ್ನೂ ಸೇರಿಸ್ಬೇಕಾ?”

ಪ್ರಶ್ನೆ ಸಾಮಾನ್ಯವಾದುದಲ್ಲ. ಯಂತ್ರದ ನಕಾಶೆಯಲ್ಲಿ ವೃತ್ತವೆಂದರೆ ಒಂದೇ ದಿಕ್ಕಿನಲ್ಲಿ ಸುತ್ತುವ ಒಂದು ಬಳೆ; ಆ ಬಳೆಗೆ ಎಲ್ಲೆಲ್ಲಿ ರಸ್ತೆಯ ಗೆರೆ ಬಂದು ತಾಕುತ್ತದೆಯೋ ಅಲ್ಲಲ್ಲಿ ಒಂದೊಂದು ಬಿಂದು; ಹೊರಹೋಗಬಹುದಾದ ಬಿಂದುಗಳನ್ನು ಅದು ಎಣಿಸುತ್ತದೆ. ಕಂಪನಿಯ ಗೇಟಿನ ತುಂಡು ರಸ್ತೆಯನ್ನು ನಕಾಶೆ ಬರೆದವನು ಗೆರೆಯಾಗಿ ಎಳೆದಿದ್ದರೆ ಅದಕ್ಕೂ ಲೆಕ್ಕ ಸಲ್ಲಬಹುದು; ಎಳೆಯದಿದ್ದರೆ ಇಲ್ಲ. ಪೊಲೀಸರು ಬ್ಯಾರಿಕೇಡು ಇಟ್ಟು ಮುಚ್ಚಿದ ದಾರಿ ಚಾಲಕನ ಕಣ್ಣಿಗೆ ದಾರಿಯೇ ಅಲ್ಲ, ಯಂತ್ರಕ್ಕೆ ಮಾತ್ರ ಅದು ಎರಡನೆಯದು. ಹೀಗೆ ಒಂದೇ ವೃತ್ತದಲ್ಲಿ ಚಾಲಕನದು ಒಂದು ಎಣಿಕೆ, ಯಂತ್ರದ್ದು ಇನ್ನೊಂದು. ನಡುವೆ ಇಬ್ಬರ ಭಾಷೆಯನ್ನೂ ಬಲ್ಲವನಾಗಿ, ಇಬ್ಬರ ಎದುರಿಗಿರುವ ದೃಶ್ಯವನ್ನೂ ಕಾಣದವನಾಗಿ, ಹಿಂದಿನ ಸೀಟಿನಲ್ಲಿ ಒಬ್ಬ ದುಭಾಷಿ.

ಕಾಲದ ಇಕ್ಕಟ್ಟು ಬೇರೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಎಂಟು ಮೀಟರಿಗೂ ಮಿಕ್ಕಿ ಸಾಗುತ್ತದೆ. 20 ಮೀಟರ್ ವ್ಯಾಸದ ಸುತ್ತು ಎಂದರೆ ಸುಮಾರು 63 ಮೀಟರ್. ನಾಲ್ಕು ರಸ್ತೆಗಳಿದ್ದರೆ ಎರಡೆರಡು ಸೆಕೆಂಡಿಗೊಂದು ದಾರಿ ಎದುರಾಗಿ ಹಿಂದೆ ಸರಿಯುತ್ತದೆ. ಯಂತ್ರದ ವಾಕ್ಯ ಮುಗಿಯಲು ಮೂರು ಸೆಕೆಂಡು ಬೇಕು. ಅದನ್ನು ಕೇಳಿ, ಅರ್ಥಮಾಡಿಕೊಂಡು, ಕನ್ನಡದಲ್ಲಿ ಚಾಲಕನಿಗೆ ಹೇಳಿ, ಆತ “ಆ್ಞಾ?” ಎಂದು ಇನ್ನೊಮ್ಮೆ ಕೇಳುವಷ್ಟರಲ್ಲಿ ಪ್ರದಕ್ಷಿಣೆ ಪೂರ್ತಿಯಾಗಿ, ಬಂದ ದಾರಿಯೇ ಎದುರಿಗೆ ನಿಂತಿರುತ್ತದೆ. ನಾವು ಆ ವೃತ್ತವನ್ನು ಇನ್ನೊಂದು ಸುತ್ತು ಸುತ್ತಿದೆವೆಂಬುದನ್ನು ಮರೆಮಾಚಬೇಕಾಗಿಲ್ಲ.

ಅನಂತರ ಗೆಳೆಯರು ಕೈಗೊಂಡ ಉಪಾಯವನ್ನು ನಾನು ಗಮನಿಸಿದೆ. ಯಂತ್ರ ಬಾಯಿ ಬಿಡುವವರೆಗೆ ಅವರು ಕಾಯಲಿಲ್ಲ. ಮುಂದಿನ ತಿರುವುಗಳ ಪಟ್ಟಿಯನ್ನು ಬೆರಳಿನಿಂದಲೇ ಸರಿಸಿ ಮೊದಲೇ ಓದಿಸಿಕೊಂಡರು. ಅದರಲ್ಲಿದ್ದ ಅಂಕೆಯನ್ನು ಗಡಿಯಾರದ ಮುಖದ ಮೇಲಿಟ್ಟರು: ನಾವು ಆರು ಗಂಟೆಯ ಕಡೆಯಿಂದ ಒಳಹೊಕ್ಕರೆ ಮೊದಲ ದಾರಿ ಒಂಬತ್ತು, ಎರಡನೆಯದು ಹನ್ನೆರಡು, ಮೂರನೆಯದು ಮೂರು. ಆಮೇಲೆ ಅದನ್ನು ಚಾಲಕನ ಮಾತಿಗೆ ಇಳಿಸಿದರು: “ಅಣ್ಣ, ಮುಂದೆ ಒಂದು ಸರ್ಕಲ್ ಬರುತ್ತೆ. ಲೆಫ್ಟ್ ಬಿಡಿ, ನೇರಾನೂ ಬಿಡಿ, ರೈಟಿಗೆ ಹೋಗ್ಬೇಕು. ಗೇಟುಗೀಟು ಲೆಕ್ಕಕ್ಕಿಲ್ಲ.” ಚಾಲಕ, “ರೈಟ್ ಅಂದ್ರೆ ಸಾಕಿತ್ತಲ್ಲ ಸಾರ್!” ಎಂದ. ಸಾಕಿತ್ತು, ನಿಜ, ಆದರೆ ರಸ್ತೆಗಳು ಐದಾಗಿ, ಬಲಗಡೆಗೇ ಎರಡು ಹೊರಟಿದ್ದರೆ?

ವೃತ್ತದಲ್ಲಿ ಎಲ್ಲ ವಾಹನಗಳೂ ಒಂದೇ ದಿಕ್ಕಿಗೆ ಸುತ್ತಬೇಕೆಂಬ ವಿಧಿಯನ್ನು ಪ್ಯಾರಿಸಿನ ವಾಸ್ತುಶಿಲ್ಪಿ ಯೂಜೀನ್ ಎನಾರ್ ಪ್ರತಿಪಾದಿಸಿ, ಅಲ್ಲಿಯ ಎತ್ವಾಲ್ ವೃತ್ತದಲ್ಲಿ 1907ರಲ್ಲಿ ಅದು ಆಚರಣೆಗೆ ಬಂತೆಂದು ಇತಿಹಾಸ. ಫ್ರೆಂಚರು ಬಲಬದಿಯಲ್ಲಿ ಓಡಿಸುವವರಾದ್ದರಿಂದ ಅವರದು ಅಪ್ರದಕ್ಷಿಣೆ. ಎಡಬದಿಯ ನಮಗೆ ದೇವಸ್ಥಾನದ ಪ್ರದಕ್ಷಿಣೆಯೇ ಸಾರಿಗೆ ನಿಯಮವೂ ಆಗಿ ಒದಗಿದೆ. ಆದರೆ ಸುತ್ತುವುದಷ್ಟೇ ಸಾಲದು, ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ಇತ್ಯರ್ಥವಾಗಬೇಕು. ಒಳಗೆ ಸುತ್ತುತ್ತಿರುವವನಿಗೇ ಮೊದಲ ಹಕ್ಕು ಎಂಬ ನಿಯಮ ಬ್ರಿಟನ್ನಿನಲ್ಲಿ 1966ರಲ್ಲಿ ಸ್ಥಿರವಾಯಿತು. ಅದರ ಹಿಂದೆ ಫ್ರಾಂಕ್ ಬ್ಲಾಕ್‌ಮೋರ್ ಎಂಬ ಎಂಜಿನಿಯರರ ಪ್ರಯೋಗಗಳಿದ್ದವು. ಕಾಗದದ ಮೇಲೆ ನಮ್ಮಲ್ಲಿಯೂ ಅದೇ ನಿಯಮ. ರಸ್ತೆಯ ಮೇಲೆ, ಮೂತಿಯನ್ನು ಮೊದಲು ತೂರಿಸಿದವನಿಗೆ ಮೊದಲ ಹಕ್ಕು.

ಕಾರು ವೃತ್ತದೊಳಗಿದೆಯೆಂಬುದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಮೊದಲು ಸ್ವಲ್ಪ ಎಡಕ್ಕೆ ಎಳೆದು, ಆಮೇಲೆ ಬಿಡದೆ ಬಲಕ್ಕೆ ತಿರುಗುವಾಗ ದೇಹ ಎಡಬಾಗಿಲಿಗೆ ಒತ್ತಿಕೊಳ್ಳುತ್ತದೆ; ಹೊರಬೀಳುವಾಗ ಒತ್ತಡ ಬಲಕ್ಕೆ ಹೊರಳುತ್ತದೆ; ಸಾಲು ಕಟ್ಟಡಗಳ ಗೋಡೆಗೆ ತಾಗಿ ಬರುತ್ತಿದ್ದ ಶಬ್ದ ರಸ್ತೆಯ ಬಾಯಿ ಎದುರಾದ ಕಡೆ ಚದುರುತ್ತದೆ; ಬೆಳಗಿನ ಹೊತ್ತಾದರೆ ಬಿಸಿಲು ಕೆನ್ನೆಯಿಂದ ಕೆನ್ನೆಗೆ ಸರಿಯುತ್ತದೆ. ಇದನ್ನು ಕೇಳಿ ನಾನು ಬೆರಗಿನಿಂದ ಏನೋ ಹೇಳಹೊರಟೆ. ಅವರು ತಡೆದರು: “ಮೇಷ್ಟ್ರೇ, ಆರನೇ ಇಂದ್ರಿಯ ಅಂತ ಮಾತ್ರ ಶುರು ಮಾಡ್ಬೇಡಿ. ಕಿವಿಗೊಟ್ಟು ಕೂತಿರ್ತೀನಿ, ಅಷ್ಟೆ. ನಿದ್ದೆ ಬಂದ್ರೆ ನಂಗೂ ಏನೂ ಗೊತ್ತಾಗಲ್ಲ.” ಕುರುಡರಿಗೆ ದೈವದತ್ತವಾದ ದಿವ್ಯಶಕ್ತಿಯೊಂದನ್ನು ಆರೋಪಿಸಿ, ಆ ನೆಪದಲ್ಲಿ ಕಾಲುದಾರಿಯನ್ನೂ ಗುರುತಿನ ಹಲಗೆಯನ್ನೂ ಸರಿಪಡಿಸದೆ ಬಿಡುವ ನಮ್ಮ ಔದಾರ್ಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕೇಳಿಲ್ಲ.

ಹೊಸೂರು ರಸ್ತೆಗೆ ಬಂದ ಮೇಲೆ ಯಂತ್ರಕ್ಕೇ ದಿಗ್ಭ್ರಮೆ ಹಿಡಿಯಿತು. 2010ರ ಜನವರಿಯಲ್ಲಿ ತೆರೆದ, ಹತ್ತಿರ ಹತ್ತಿರ ಹತ್ತು ಕಿಲೋಮೀಟರ್ ಉದ್ದದ ಮೇಲುರಸ್ತೆ ಇಲ್ಲಿ ನೆಲದ ರಸ್ತೆಯ ನೆತ್ತಿಯ ಮೇಲೆಯೇ ಹೋಗುತ್ತದೆ. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ನಮ್ಮ ತಲೆಯ ಮೇಲೆ ಮಾತ್ರ ಇರುತ್ತವೆಯೇ ಹೊರತು ಕಾಲ ಕೆಳಗೆ ಇರುವುದಿಲ್ಲ; ಆ ಕಾರಣದಿಂದಲೇ ಅವು ಉದ್ದಗಲಗಳನ್ನು ನಿಖರವಾಗಿ ಹೇಳಿದಷ್ಟು ಎತ್ತರವನ್ನು ಹೇಳಲಾರವು. ಮೇಲೆ ಹೋಗುತ್ತಿರುವ ಕಾರೂ ಕೆಳಗೆ ಹೋಗುತ್ತಿರುವ ಕಾರೂ ಫೋನಿಗೆ ಒಂದೇ ಬಿಂದು. ನಾವು ಟೋಲ್ ಕಟ್ಟಿ ಮೇಲೆ ಹತ್ತಿದ್ದೆವು. ಯಂತ್ರ ನಮ್ಮನ್ನು ಕೆಳಗೇ ಇರಿಸಿಕೊಂಡು, ಗಾಳಿಯಲ್ಲಿ ಎಡಕ್ಕೆ ತಿರುಗಿರೆಂದು ಒತ್ತಾಯಿಸತೊಡಗಿತು. ಗೆಳೆಯರು ಅದನ್ನು ಚಾಲಕನಿಗೆ ದಾಟಿಸಲೇ ಇಲ್ಲ. ಕಿಟಕಿಯಲ್ಲಿ ಬಯಲು ಗಾಳಿ, ಚಕ್ರದ ಕೆಳಗೆ ಕಾಂಕ್ರೀಟಿನ ಜೋಡಣೆಗಳು ಸಮನಾದ ಅಂತರದಲ್ಲಿ ಕುಟ್ಟುವ ಸದ್ದು. ಕೆಳಗಾಗಿದ್ದರೆ ಲಾರಿಗಳ ಮೊರೆತ ಮೇಲಿನ ಸೂರಿಗೆ ಬಡಿದು ಹಿಂದಕ್ಕೆ ಬರುತ್ತಿತ್ತು. “ಸುಮ್ನಿರಪ್ಪಾ, ನಾವು ಮೇಲಿದೀವಿ” ಎಂದು ಫೋನಿಗೇ ಬುದ್ಧಿ ಹೇಳಿ ಅವರು ಇಯರ್‌ಫೋನನ್ನು ಜೇಬಿಗೆ ಹಾಕಿದರು. ಯಂತ್ರವನ್ನು ಬಳಸುವವನಿಗೆ ಇರಬೇಕಾದ ಪ್ರಥಮ ಯೋಗ್ಯತೆ, ಅದರ ಮಾತನ್ನು ಎಲ್ಲಿ ಕೇಳಬಾರದೆಂಬ ತಿಳಿವು.

ಸಿಲ್ಕ್ ಬೋರ್ಡಿನಿಂದ ಮಾರತಹಳ್ಳಿಯವರೆಗಿನ ದಾರಿಯನ್ನು ವರ್ಣಿಸಿ ಓದುಗರನ್ನು ಪೀಡಿಸುವುದಿಲ್ಲ. ಅಲ್ಲಿ ನಿಂತವರಿಗೆ ಅದು ಗೊತ್ತು. ನಿಂತಿದ್ದ ಆ ಸುದೀರ್ಘ ಅವಕಾಶದಲ್ಲಿ ಗೆಳೆಯರು ನನಗೆ ರೆಜಿನಾಲ್ಡ್ ಗೊಲೆಜ್ ಎಂಬವರ ಕಥೆಯನ್ನು ಹೇಳಿದರು. ಆಸ್ಟ್ರೇಲಿಯದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರದಲ್ಲಿ ಭೂಗೋಳದ ಪ್ರಾಧ್ಯಾಪಕರಾಗಿದ್ದ ಆತನ ಅಧ್ಯಯನದ ವಿಷಯ, ಮನುಷ್ಯರು ಮನಸ್ಸಿನಲ್ಲಿ ಊರಿನ ನಕ್ಷೆಯನ್ನು ಹೇಗೆ ಕಟ್ಟಿಕೊಳ್ಳುತ್ತಾರೆ ಎಂಬುದು. 1984ರಲ್ಲಿ ಆತನ ದೃಷ್ಟಿಯೇ ಹೋಯಿತು. ಸಂಶೋಧಕನೇ ಸಂಶೋಧನೆಯ ವಸ್ತುವಾದ ಮೇಲೆ, ಜ್ಯಾಕ್ ಲೂಮಿಸ್ ಮತ್ತು ರಾಬರ್ಟಾ ಕ್ಲಾಟ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರೊಡನೆ ಕೂಡಿ, ಬೆನ್ನಿಗೆ ಗಣಕವನ್ನೂ ತಲೆಗೆ ಹೆಡ್‌ಫೋನನ್ನೂ ಹೊತ್ತು ನಡೆಯುವ ಒಂದು ಮಾರ್ಗದರ್ಶಕ ವ್ಯವಸ್ಥೆಯನ್ನು ಅವರು ರೂಪಿಸಿದರು. ಅದರಲ್ಲಿ ಕಟ್ಟಡದ ಹೆಸರು ಆ ಕಟ್ಟಡವಿರುವ ದಿಕ್ಕಿನಿಂದಲೇ ಕೂಗಿದಂತೆ ಕೇಳುತ್ತಿತ್ತು. ಅಮೆರಿಕ ಸರಕಾರ ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸುವವರೆಗೆ ಸಾಮಾನ್ಯ ಗ್ರಾಹಕ ಉಪಕರಣ 100 ಮೀಟರಿನಷ್ಟು ತಪ್ಪುವುದಿತ್ತು. ಅಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ವೃತ್ತವೂ ಅದರ ಆಚೆಯ ರಸ್ತೆಯೂ ಒಂದೇ ಆಗಿಬಿಡುತ್ತವೆ.

ಗೊಲೆಜ್ ಮುಂತಾದವರು ದಾರಿಯ ಜ್ಞಾನವೆಂಬುದನ್ನೂ ಪ್ರದೇಶದ ಜ್ಞಾನವೆಂಬುದನ್ನೂ ಬೇರೆ ಮಾಡಿ ನೋಡುತ್ತಾರೆ. ಎಡಕ್ಕೆ, ಬಲಕ್ಕೆ, ನೂರು ಹೆಜ್ಜೆ ಎಂಬುದು ಮೊದಲನೆಯದು. ಯಾವುದರ ಪಕ್ಕಕ್ಕೆ ಯಾವುದಿದೆ, ಯಾವ ರಸ್ತೆ ಎಲ್ಲಿ ಹೋಗಿ ಯಾವುದನ್ನು ಕೂಡುತ್ತದೆ ಎಂಬುದು ಎರಡನೆಯದು. ಕಣ್ಣಿರುವ ಚಾಲಕನಿಗಾಗಿ ಮಾಡಿದ ಯಂತ್ರ ಮೊದಲನೆಯದನ್ನಷ್ಟೇ ಕೊಡುತ್ತದೆ, ಏಕೆಂದರೆ ಎರಡನೆಯದನ್ನು ಗಾಜಿನಾಚೆಗೆ ಆತನೇ ಕಾಣುತ್ತಾನೆಂದು ಅದರ ಎಣಿಕೆ. ಅದು ಆಜ್ಞೆ ಕೊಡುತ್ತದೆ. ಕಾಣದವನಿಗೆ ಬೇಕಾದದ್ದು ವರ್ಣನೆ. ಮೂರನೆಯ ದಾರಿ ಹಿಡಿ ಎಂಬುದಕ್ಕಿಂತ, ಮುಂದೆ ಬರುವ ವೃತ್ತ ಇಷ್ಟು ದೊಡ್ಡದು, ಐದು ದಾರಿಗಳುಂಟು, ಅವುಗಳಲ್ಲಿ ಒಂದು ಕಿರಿದು ಎಂದು ಮುಂಚಿತವಾಗಿ ತಿಳಿಸಿದರೆ, ಚಾಲಕ ಬೇಕರಿಯನ್ನು ಹೇಳಲಿ, ಪೆಟ್ರೋಲ್ ಬಂಕನ್ನು ಹೇಳಲಿ, ಅದನ್ನು ಎಲ್ಲಿಡಬೇಕೆಂದು ಹಿಂದೆ ಕುಳಿತವನಿಗೆ ತಿಳಿಯುತ್ತದೆ. ಮೈಕ್ರೊಸಾಫ್ಟ್ ಕಂಪನಿ 2018ರಲ್ಲಿ ಹೊರತಂದ ಸೌಂಡ್‌ಸ್ಕೇಪ್ ಎಂಬ ಆ್ಯಪು ಈ ಮಾರ್ಗದಲ್ಲಿಯೇ ಹೊರಟು, ತಿರುವಿನ ಆಜ್ಞೆಗಳನ್ನು ಬಿಟ್ಟು, ಸುತ್ತಮುತ್ತಲ ರಸ್ತೆ ಅಂಗಡಿಗಳನ್ನು ಆಯಾ ದಿಕ್ಕಿನಿಂದ ಹೇಳುತ್ತಿತ್ತು. 2023ರಲ್ಲಿ ಕಂಪನಿ ಅದನ್ನು ನಿಲ್ಲಿಸಿ ಅದರ ಮೂಲಸಂಕೇತವನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ದೊಡ್ಡವರ ಔದಾರ್ಯಕ್ಕೂ ಅವಧಿಯುಂಟು.

ಕುಂದಲಹಳ್ಳಿಯನ್ನು ದಾಟಿದೆವು. ವಿಮಾನಗಳಿಗಾಗಿ ಜಿಪಿಎಸ್ ಸಂಕೇತದ ತಪ್ಪುಗಳನ್ನು ಲೆಕ್ಕಹಾಕಿ ತಿದ್ದುಪಡಿಯನ್ನು ಉಪಗ್ರಹಕ್ಕೆ ಏರಿಸುವ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಈ ಕುಂದಲಹಳ್ಳಿಯಲ್ಲಿದೆ. ಬಸ್ಸಿಗೆ ಕಾಯುತ್ತ ನಿಂತಿದ್ದವರಲ್ಲಿ ಎಷ್ಟು ಮಂದಿಗೆ ಅದು ಗೊತ್ತೋ. ಮುಂದೆ ಹಳೆಯ ವೈಟ್‌ಫೀಲ್ಡ್. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಲಾಗಿ, ಆ ಸಂಘದ ಮುಖಂಡ ವೈಟ್ ಎಂಬಾತನ ಹೆಸರಿನಲ್ಲಿ ಎದ್ದ ಊರು ಇದು. ಇದರ ನಡುವೆ ದುಂಡಾದ ಒಂದು ಬಯಲನ್ನು ಬಿಟ್ಟು, ಸುತ್ತ ಬಳೆಯಂತೆ ರಸ್ತೆ ಎಳೆದು ಮನೆಗಳನ್ನು ಕಟ್ಟಿದ್ದಾರೆ. ಇಂದಿಗೂ ಅದು ಇನ್ನರ್ ಸರ್ಕಲ್.

ಅಕ್ಕನ ಮನೆಗೆ ಆ ಬಳೆಯ ಮೂಲಕವೇ ಹೋಗಬೇಕಾಗಿತ್ತು. ಯಂತ್ರ ಮೌನವಾಗಿತ್ತು, ವಾಸದ ಮನೆಗಳ ಬೀದಿ ಸ್ವಲ್ಪ ಬಾಗಿದೆಯೆಂಬುದಕ್ಕಿಂತ ಹೆಚ್ಚಿನ ಅಭಿಪ್ರಾಯ ಅದಕ್ಕಿದ್ದಂತೆ ಕಾಣಲಿಲ್ಲ. ಗೆಳೆಯರು ತಟ್ಟನೆ ಕೇಳಿದರು: “ಇದು ಬಾಗ್ತಾನೇ ಇದೆಯಲ್ಲ, ಏನಿದು?” ನಾನು ಹಳೆಯ ಮರಗಳನ್ನೂ, ಹೆಂಚಿನ ಛಾವಣಿಯ ಉಳಿದಿರುವ ಮನೆಗಳನ್ನೂ, ನಡುವಿನ ಹಸುರನ್ನೂ ಉತ್ಸಾಹದಿಂದ ವರ್ಣಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, “ಚೆನ್ನಾಗಿದೆ. ಎಷ್ಟು ದೊಡ್ಡದು? ಎಷ್ಟು ರಸ್ತೆ ಬಂದು ಸೇರ್ತವೆ? ನಾವು ಒಳಗೆ ಬಂದಿದ್ದು ಯಾವ ಕಡೆಯಿಂದ?” ಎಂದರು. ಮೂರಕ್ಕೂ ಉತ್ತರವಿಲ್ಲದೆ ನಾನು ಚಾಲಕನ ಮುಖ ನೋಡಿದೆ. ಆತ ಕಾರನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿ, ಕೇಳಿಕೊಳ್ಳದೆಯೇ ಗೆಳೆಯರ ಬಲಗೈಯನ್ನು ಹಿಡಿದುಕೊಂಡು ಅಂಗೈ ಮೇಲೆ ಬೆರಳಿನಿಂದ ಒಂದು ಸುತ್ತು ಎಳೆದ: “ಇದು ಸರ್ಕಲ್ಲು ಸಾರ್. ಇಲ್ಲಿಂದ ಬಂದ್ವಿ. ಇದೊಂದು ರೋಡು, ಇದೊಂದು. ಈಗ ಇಲ್ಲಿದೀವಿ. ನಿಮ್ಮಕ್ಕನ ಮನೆ ಈ ಕಡೆ ಇರ್ಬೇಕು.” ಗೆಳೆಯರು ಅದೇ ಗೆರೆಯನ್ನು ಎಡಗೈ ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿಕೊಂಡು, “ಹಂಗಾದ್ರೆ ಇಷ್ಟು ದಿನ ಆಟೋದವರು ನನ್ನ ಸುಮ್ನೆ ಉದ್ದ ಸುತ್ತಿಸಿ ತರ್ತಿದ್ರು” ಎಂದರು.

ಊಟವಾದ ಮೇಲೆ ಪೀಣ್ಯಕ್ಕೆ ಮೆಟ್ರೊ ಹಿಡಿದೆವು. ಕಾಡುಗೋಡಿಯಿಂದ ಮೆಜೆಸ್ಟಿಕ್, ಅಲ್ಲಿ ರೈಲು ಬದಲಾಯಿಸಿ ಜಾಲಹಳ್ಳಿ: ನೆಲದಲ್ಲಿ ಉಬ್ಬು ಪಟ್ಟಿಯ ಹಾಸುಗಲ್ಲು, ಪ್ರತಿ ನಿಲ್ದಾಣಕ್ಕೂ ಕನ್ನಡದಲ್ಲಿ ಘೋಷಣೆ, ಯಾರನ್ನೂ ಏನನ್ನೂ ಕೇಳುವ ಅಗತ್ಯವಿಲ್ಲ. ಸುಖವಾದ ಪ್ರಯಾಣದಲ್ಲಿ ಬರೆಯುವುದಕ್ಕೆ ಏನೂ ಸಿಗುವುದಿಲ್ಲವೆಂಬುದು ಪ್ರವಾಸ ಲೇಖಕನ ದುರದೃಷ್ಟ.

ಜಾಲಹಳ್ಳಿಯಲ್ಲಿ ಸಿಕ್ಕಿದ ಆಟೊದ ಯಜಮಾನರು ಹಿರಿಯರು. “ಮ್ಯಾಪ್ ಬೇಡ ಕಣಪ್ಪ, ಯಾವ ಕ್ರಾಸ್ ಹೇಳು” ಎಂದರು. ಗೆಳೆಯರು ಎನ್‌ಟಿಟಿಎಫ್ ಸರ್ಕಲ್ ದಾಟಿ ಮುಂದೆ ಎಂದರು, ಅಷ್ಟು ಸಾಕಾಯಿತು. 1970ರ ದಶಕದಿಂದ ಬೆಳೆಯುತ್ತ ಬಂದ ಈ ಕೈಗಾರಿಕಾ ಪ್ರದೇಶದಲ್ಲಿ ರಸ್ತೆಯ ಹೆಸರಿಗಿಂತ ಕ್ರಾಸಿನ ಅಂಕೆ, ಅಂಕೆಗಿಂತ ಅಲ್ಲಿರುವ ಕಾರ್ಖಾನೆ ಹೆಚ್ಚು ಬಳಕೆಯಲ್ಲಿರುವ ಗುರುತು. ಆಟೊ ಸಾಗಿದಂತೆ ಕೊರೆಯುವ ಎಣ್ಣೆ, ಸುಟ್ಟ ರಬ್ಬರು, ಬಣ್ಣ ಬೇಯಿಸುವ ಒಲೆಗಳ ವಾಸನೆಗಳು ಒಂದರ ಹಿಂದೊಂದು ಬಂದವು. ಲಾರಿಗಳು ಎರಡು ಬದಿಯನ್ನೂ ಆಕ್ರಮಿಸಿದ್ದುದರಿಂದ ವೃತ್ತವೆಂಬುದು ಲಾರಿಗಳ ಬಾಲಗಳ ನಡುವೆ ಉಳಿದ ಒಂದು ಸಂದಾಗಿತ್ತು, ಎಷ್ಟನೆಯ ದಾರಿ ಎಂದು ಎಣಿಸಲು ಯಾವ ಯಂತ್ರವೂ ಅಲ್ಲಿ ಧೈರ್ಯಮಾಡಲಾರದು.

ಉಪಗ್ರಹಗಳ ಜಾಡು ಹಿಡಿದು ನಿಯಂತ್ರಿಸುವ ಇಸ್ರೋದ ಇಸ್ಟ್ರಾಕ್ ಕೇಂದ್ರ ಇರುವುದೂ ಇದೇ ಪೀಣ್ಯದಲ್ಲಿ. 2013ರ ಜುಲೈ 1ರಂದು ಮೊದಲನೆಯದನ್ನು ಹಾರಿಸಿ, 2016ರ ಏಪ್ರಿಲ್‌ನಲ್ಲಿ ಏಳನೆಯದನ್ನು ಕಕ್ಷೆಗೆ ಸೇರಿಸಿ, ನಾವಿಕ್ ಎಂದು ಹೆಸರಿಟ್ಟ ನಮ್ಮದೇ ದಾರಿತೋರುವ ಉಪಗ್ರಹಗಳ ವ್ಯವಸ್ಥೆ ಆ ಇಸ್ರೋದ್ದೇ. ಚಂದ್ರಯಾನ-3ನ್ನು 2023ರ ಆಗಸ್ಟ್ 23ರಂದು ಚಂದ್ರನ ನೆಲಕ್ಕೆ ಇಳಿಸಿದ ಸಂಜೆ ಎಲ್ಲರ ಕಣ್ಣೂ ನೆಟ್ಟಿದ್ದು ಈ ಪೀಣ್ಯದ ಕೋಣೆಯೊಂದರ ಮೇಲೆ. ಅಷ್ಟು ದೂರಕ್ಕೆ ದಾರಿ ತೋರಬಲ್ಲವರ ನೆರೆಯಲ್ಲಿ ವರ್ಕ್‌ಶಾಪಿನ ಗೇಟು ಸಿಗುವುದಿಲ್ಲವೆ ಎಂದು ವ್ಯಂಗ್ಯವಾಡುವುದು ಸುಲಭ. ಆದರೆ ಚಂದ್ರನ ಮೇಲೆ ಲಾರಿ ನಿಲ್ಲಿಸಿದವರು ಯಾರೂ ಇರಲಿಲ್ಲ, ರಸ್ತೆಯ ನಡುವೆ ಡಿವೈಡರೂ ಇರಲಿಲ್ಲ.

ನಮಗೆ ಡಿವೈಡರು ಇತ್ತು. “ನೀವು ತಲುಪಿದ್ದೀರಿ, ಗಮ್ಯಸ್ಥಾನ ಬಲಗಡೆಯಲ್ಲಿದೆ” ಎಂಬರ್ಥದ ಮಾತನ್ನು ಹೇಳಿ ಯಂತ್ರ ಕೈತೊಳೆದುಕೊಂಡಿತು. ವರ್ಕ್‌ಶಾಪಿನ ಹಿಂಗೋಡೆ ಆ ರಸ್ತೆಗೆ, ಗೇಟು ಹಿಂದಿನ ಕ್ರಾಸಿಗೆ. ಕಣ್ಣಿರುವವನು ಬಯ್ದುಕೊಂಡು ಸುತ್ತಿ ಬರುತ್ತಾನೆ. ಕಣ್ಣಿಲ್ಲದವನನ್ನು ಇಳಿಸಿ ಆಟೊ ಹೊರಟುಹೋದರೆ, ಓಡುವ ಲಾರಿಗಳ ನಡುವೆ ಆ ಹತ್ತಿಪ್ಪತ್ತು ಗಜವೇ ಇಡೀ ಪ್ರಯಾಣಕ್ಕಿಂತ ದೀರ್ಘವಾದದ್ದು. ಗೆಳೆಯರು ಇಳಿಯಲಿಲ್ಲ. “ಇಲ್ಲಲ್ಲ ಯಜಮಾನ್ರೇ, ಮುಂದೆ ಯೂ-ಟರ್ನ್ ತಗೊಂಡು ವಾಪಸ್ ಬಂದು ಲೆಫ್ಟಲ್ಲಿ ಮೊದಲನೇ ಕ್ರಾಸ್” ಎಂದರು. ಅವರು ಗೊಣಗಿದರು, ಇಪ್ಪತ್ತು ರೂಪಾಯಿ ಮೇಲೆ ಕೇಳಿದರು, ಹೋದರು.

ತಮ್ಮ ಗೇಟಿನ ಬಳಿಯೇ ನಿಂತಿದ್ದ. ಒಳಗೆ ಯಂತ್ರಕ್ಕೆ ಅರಿಸಿನ ಕುಂಕುಮವಾಗಿ, ಕುಂಬಳಕಾಯಿ ಒಡೆಯುವುದಷ್ಟೇ ಬಾಕಿ. “ಬೇಗ ಬಾ ಅಣ್ಣ, ನಿನಗೇ ಕಾಯ್ತಿದೀವಿ” ಎಂದು ಕೈಹಿಡಿದ. “ಒಂದು ನಿಮಿಷ” ಎಂದು ಗೆಳೆಯರು ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು, ಫೋನನ್ನು ಕಿವಿಯ ಹತ್ತಿರ ಹಿಡಿದು, ಪರದೆಯ ಮೇಲೆ ಬೆರಳು ಸರಿಸುತ್ತ ನಕಾಶೆಯಲ್ಲಿ ವರ್ಕ್‌ಶಾಪಿನ ಬಿಂದುವನ್ನು ಹಿಂಗೋಡೆಯಿಂದ ತೆಗೆದು ತಾವು ನಿಂತ ಜಾಗಕ್ಕೆ ಸರಿಸಿ, ಷರಾ ಬರೆಯುವ ಕಡೆ, ಪ್ರವೇಶ ಈ ಕ್ರಾಸಿನಿಂದ, ಮುಖ್ಯರಸ್ತೆಯಿಂದ ಅಲ್ಲ, ಎಂದು ಕನ್ನಡದಲ್ಲಿಯೇ ಹೇಳಿ ಬರೆಸಿದರು. ಒಪ್ಪಿಗೆಯಾದ ಮೇಲೆ ತಿಳಿಸುತ್ತೇವೆಂದು ಫೋನು ಉತ್ತರ ಕೊಟ್ಟಿತು. ತಮ್ಮ ಅಷ್ಟರಲ್ಲಿ ಕುಂಬಳಕಾಯಿಯನ್ನು ನನ್ನ ಕೈಗೆ ಕೊಟ್ಟಿದ್ದ.